ಗದ್ದೆಪ್ಪ ಸುರಿದ ಬೂದಿ

ಮಾನ್ವಿಯಿಂದ ಸಿರವಾರದ ಕಡೆ ಹೋಗುವ ರಸ್ತೆಯಲ್ಲಿ ಪ್ರಭುರಾಜರ ಅಕ್ಕಿ ಗಿರಣಿ ಇದೆ. ಅದರ ಹಿಂಗೋಡೆಗೆ ಹತ್ತಿಕೊಂಡು ಒಂದು ಕೇರಿ. ಕೇರಿಯ ಅರ್ಧ ಮನೆಗಳು ಕಥೋಲಿಕರವು, ಉಳಿದರ್ಧ ಹುಲಿಗೆಮ್ಮನಿಗೆ ನಡೆದುಕೊಳ್ಳುವವರವು. ಗಂಡಸರು ಹೆಂಗಸರು ಅನ್ನದೆ ಬಹುತೇಕ ಎಲ್ಲರೂ ಗಿರಣಿಯಲ್ಲೇ ದುಡಿಯುತ್ತಾರೆ. ಗದ್ದೆಪ್ಪ ಅಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ.

ಅವನು ಹುಟ್ಟಿದ್ದು ಮಲ್ಲಟದಲ್ಲಿ. ಸಣ್ಣವನಿದ್ದಾಗಲೇ ಅವನ ತಂದೆತಾಯಿ ಜ್ಞಾನಸ್ನಾನ ಪಡೆದು ಕ್ರೈಸ್ತರಾಗಿದ್ದರು. ಅವನಿಗೂ ಆಗ ಪಾವ್ಲು ಎಂಬ ಹೆಸರಿಟ್ಟಿದ್ದರು, ಆದರೆ ಆ ಹೆಸರಿಂದ ಯಾರೂ ಅವನನ್ನು ಕರೆದದ್ದಿಲ್ಲ. ಫಾದರುಗಳ ಶಾಲೆಯಲ್ಲಿ ಕಲಿತ, ದೇವದುರ್ಗದ ಮಲ್ಲೇಶ್ವರಿಯನ್ನು ಮದುವೆಯಾದ, ಗಿರಣಿ ಕೆಲಸ ಸಿಕ್ಕಿತೆಂದು ಈ ಕೇರಿಗೆ ಬಂದ. ಕೇರಿಯಲ್ಲಿ ತಗಡಿನ ಮಾಡಿನ ಸಣ್ಣ ಚರ್ಚು ಇತ್ತು. ಮಾನ್ವಿಯಿಂದ ಫಾದರ್ ವಲೇರಿಯನ್ ಬಂದು ಪೂಜೆ ಕೊಡುವುದು ತಿಂಗಳಿಗೊಂದೆರಡು ಸಲ. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಧರ್ಮೋಪದೇಶ ಹೇಳುವುದು ಗದ್ದೆಪ್ಪನ ಪಾಲಿಗೆ ಬಂತು. ಜನ ಅವನನ್ನು ಉಪದೇಶಿ ಎಂದೇ ಕರೆಯತೊಡಗಿದರು.

ಉಪದೇಶಿಯಾಗಿ ಅವನು ಬಿಗಿ ಮನುಷ್ಯ. ಹಿಂದಿನ ದಿನ ಕುಡಿದು ಬಿದ್ದವನು ಭಾನುವಾರ ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದ. ಹೆಂಡತಿಗೆ ಹೊಡೆದವನ ಹೆಸರನ್ನು ಎಲ್ಲರೆದುರು ಹೇಳುತ್ತಿದ್ದ. ತಾನು ಕುಡಿಯುತ್ತಿರಲಿಲ್ಲ, ಗಿರಣಿಯಿಂದ ಒಂದು ಹಿಡಿ ನುಚ್ಚನ್ನೂ ಕೇಳದೆ ತಂದವನಲ್ಲ. ದೇವರು ಒಳ್ಳೆಯ ಯಜಮಾನ, ಸರಿಯಾಗಿ ದುಡಿದವನಿಗೆ ಸರಿಯಾಗಿ ಕೂಲಿ ಕೊಡುತ್ತಾನೆ ಎಂಬುದು ಅವನ ನಂಬಿಕೆ. ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತಿದ್ದ.

ಗಿರಣಿಯಲ್ಲಿ ಭತ್ತ ಬೇಯಿಸುವ ಬಾಯ್ಲರಿಗೆ ಭತ್ತದ ಹೊಟ್ಟೇ ಉರುವಲು. ಹೊಟ್ಟು ಉರಿದು ಉಳಿದ ಬೂದಿ ಮೋಸದ್ದು. ಮೇಲೆ ಕಪ್ಪಗೆ, ತಣ್ಣಗೆ, ಮೆತ್ತಗೆ ಕಾಣುತ್ತದೆ. ಒಳಗೆ ಬೆಂಕಿ ಎಷ್ಟೋ ಹೊತ್ತು ಹಾಗೇ ಕೂತಿರುತ್ತದೆ. ಅದಕ್ಕೇ ನೀರು ಬಿಟ್ಟು ತಣಿಸಿ, ಆಮೇಲೆ ಗುಂಡಿಗೆ ಒಯ್ದು ಹಾಕುವುದು ಪದ್ಧತಿ. ಆ ವರ್ಷ ಫೆಬ್ರುವರಿಯಲ್ಲಿ ನೀರಿನ ಮೋಟಾರು ಸುಟ್ಟುಹೋಯಿತು. ಗುಂಡಿಯೂ ತುಂಬಿತ್ತು. ಭತ್ತದ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಬೂದಿಯ ರಾಶಿ ಬಾಯ್ಲರಿನ ಬಾಗಿಲಿಗೆ ಬಂದಿತ್ತು.

ಪ್ರಭುರಾಜರು ಕೆಟ್ಟವರಲ್ಲ. ಬೆಳಿಗ್ಗೆ ಲಿಂಗಪೂಜೆ ಆಗದೆ ನೀರು ಮುಟ್ಟದವರು, ಆಳುಗಳನ್ನು ಬೈದು ಮಾತಾಡದವರು. ಆ ಮಧ್ಯಾಹ್ನ ಅವರು ಗದ್ದೆಪ್ಪನನ್ನು ಕರೆದು ರಾಶಿಯನ್ನು ಇವತ್ತೇ ತೆಗೆಯಬೇಕು ಅಂದರು. ಬೂದಿ ಇನ್ನೂ ಬಿಸಿ ಇದೆ, ಗುಂಡಿ ತುಂಬಿದೆ ಎಂದು ಅವನು ಹೇಳಿದ.

"ಸಂಜಿತನಾ ತಣ್ಣಗ ಆಗ್ತದ ಬಿಡು. ಎಲ್ಲೆ ಹಾಕ್ತಿ ನೀನ ನೋಡು," ಎಂದು ಅವರು ಫೋನು ಎತ್ತಿಕೊಂಡರು.

ಕೇರಿಯ ಹಿಂದೆ ಹಳ್ಳವಿದೆ, ಹಳ್ಳದ ದಂಡೆಯಲ್ಲಿ ಒಂದು ತಗ್ಗು. ಗದ್ದೆಪ್ಪ ಬೂದಿಯನ್ನು ಅಲ್ಲಿಗೆ ಹೊಡೆದ. ಸುರಿಯುವಾಗ ಮುಖಕ್ಕೆ ಝಳ ಬಡಿಯಿತು. ಆಡು ಮೇಯಿಸುವವರು, ಚೊಂಬು ಹಿಡಿದು ಹೋಗುವ ಹೆಂಗಸರು ಆ ಕಡೆ ಓಡಾಡುತ್ತಾರೆಂದು ಅವನಿಗೆ ಗೊತ್ತಿತ್ತು. ನಾಲ್ಕು ಮುಳ್ಳಿನ ಕಂಟಿಯನ್ನಾದರೂ ಅಡ್ಡ ಹಾಕೋಣವೆಂದು ಮನಸ್ಸಿಗೆ ಬಂತು. ಇನ್ನೂ ರಾಶಿ ಉಳಿದಿತ್ತು, ಹೊತ್ತು ಇಳಿಯುತ್ತಿತ್ತು. ಹಾಕಲಿಲ್ಲ.

ಮರುದಿನ ಬೆಳಿಗ್ಗೆ ಹಳ್ಳದ ಕಡೆಯಿಂದ ಕೂಗು ಕೇಳಿತು. ಗಿರಣಿಯ ಹಿಂಬಾಗಿಲಲ್ಲಿದ್ದ ಗದ್ದೆಪ್ಪನಿಗೆ ಅದೇನೆಂದು ನೋಡುವ ಮೊದಲೇ ಗೊತ್ತಾಯಿತು. ಓಡಿದ. ಕೇರಿಯ ಕನಕಮ್ಮ ತಪ್ಪಿಸಿಕೊಂಡ ಆಡಿನ ಹಿಂದೆ ಹೋಗಿ ಬೂದಿಯಲ್ಲಿ ಮೊಣಕಾಲ ತನಕ ಹೂತುಹೋಗಿದ್ದಳು. ಎಳೆದುಕೊಳ್ಳಲು ಹೋದಷ್ಟೂ ಇಳಿಯುತ್ತಿದ್ದಳು. ದಂಡೆಯ ಮೇಲಿನ ಹೆಂಗಸರು ಬಾಯಿ ಬಡಿದುಕೊಳ್ಳುತ್ತಿದ್ದರೇ ಹೊರತು ಯಾರಿಗೂ ಕಾಲಿಡುವ ಧೈರ್ಯವಿರಲಿಲ್ಲ. ಗದ್ದೆಪ್ಪ ದಂಡೆಯ ಅಂಚಿನಲ್ಲಿ ಬೋರಲಾಗಿ ಮಲಗಿ, ಎರಡೂ ಕೈಯನ್ನು ಬೂದಿಯೊಳಗೆ ತೂರಿಸಿ ಅವಳ ಮೊಣಕಾಲ ಕೆಳಗೆ ಕೈಕೊಟ್ಟು ಎತ್ತಿದ. ಅವನ ಅಂಗೈ ತೊಗಲು ಅಲ್ಲೇ ಕಳಚಿತು. ಗಿರಣಿಯ ಟೆಂಪೋದಲ್ಲಿ ಅವಳನ್ನು ಮಲಗಿಸಿಕೊಂಡು ಮಾನ್ವಿಯ ಆಸ್ಪತ್ರೆಗೆ ಒಯ್ದ. ಅಲ್ಲಿಂದ ಅವಳನ್ನು ರಾಯಚೂರಿಗೆ ಕಳಿಸಿದರು.

ಸಂಜೆ ಹೊತ್ತಿಗೆ ಕೇರಿಯಲ್ಲೆಲ್ಲ ಗದ್ದೆಪ್ಪನದೇ ಮಾತು. ತನ್ನ ಕೈ ಸುಟ್ಟುಕೊಂಡು ಒಂದು ಜೀವ ಉಳಿಸಿದ ಎಂದರು. ಕನಕಮ್ಮನ ಮಗಳು ಯಶೋಧಾ ಬಂದು ಅವನ ಕಾಲಿಗೆ ಬಿದ್ದಳು. ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನು ಗೋಡೆ ನೋಡುತ್ತ ಕೂತಿದ್ದ. ನೋವಿಗೆ ಹಾಗೆ ಕೂತಿದ್ದಾನೆ ಎಂದುಕೊಂಡರು.

ಮರುದಿನ ಪ್ರಭುರಾಜರು ಅವನನ್ನು ಒಳಗೆ ಕರೆದರು. ಬಾಗಿಲು ಹಾಕಿಕೊಂಡರು. ಅವರ ಮುಖವೂ ಇಳಿದಿತ್ತು. ಮಲ್ಲಟದ ಅಮರೇಶ ಎಂಬವನು ಸ್ವಂತ ಟ್ರ್ಯಾಕ್ಟರಿನಲ್ಲಿ ಬೇರೆ ಬೇರೆ ಗಿರಣಿಗಳ ಬೂದಿಯನ್ನು ಇಟ್ಟಿಗೆ ಭಟ್ಟಿಗಳಿಗೆ ಸಾಗಿಸುತ್ತಾನೆ, ಹಳ್ಳದ ದಾರಿಯಲ್ಲೇ ಓಡಾಡುತ್ತಾನೆ, ಗಿರಣಿಯ ಬೂದಿ ಯಾವತ್ತೂ ಗುಂಡಿಗೇ ಹೋಗುತ್ತದೆಂದು ತಿಳಿದ ಜನ ಅವನೇ ಸುರಿದಿರಬೇಕು ಅನ್ನುತ್ತಿದ್ದಾರೆ ಎಂದರು.

"ನೀ ಸುಳ್ಳು ಹೇಳು ಅನ್ನಂಗಿಲ್ಲ ನಾನು. ನಿನ್ನ ಧರ್ಮ ನನಗ ಗೊತ್ತದ. ಸುಮ್ಮ ಇದ್ರ ಸಾಕು."

ಕೈ ಮಾಯುವ ತನಕ ದೇವದುರ್ಗದಲ್ಲಿ ತಮ್ಮ ಬೀಗರ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕಾವಲಿಗೆ ಇರು, ಸಂಬಳ ಇಲ್ಲಿಂದಲೇ ಬರುತ್ತದೆ ಎಂದರು. ಗದ್ದೆಪ್ಪ ತಲೆ ಅಲ್ಲಾಡಿಸಿ ಹೊರಗೆ ಬಂದ.

ಹೊರಡುವ ಮೊದಲು ತಪಸ್ಸುಕಾಲ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ, ಶುರುವಾಗುವ ಬುಧವಾರ ಬಂತು. ಫಾದರ್ ವಲೇರಿಯನ್ ಕೇರಿಗೆ ಬಂದು ಪೂಜೆ ಕೊಟ್ಟರು. ಪ್ರವಚನದಲ್ಲಿ ಗದ್ದೆಪ್ಪನ ಹೆಸರು ಹೇಳಿ, ನೆರೆಯವರನ್ನು ಪ್ರೀತಿಸುವುದೆಂದರೆ ಇದು ಎಂದರು. ಆಮೇಲೆ ಜನ ಸಾಲಾಗಿ ಬಂದು ಹಣೆಗೆ ಬೂದಿ ಹಚ್ಚಿಸಿಕೊಂಡರು. ಬೂದಿಯ ತಟ್ಟೆ ಹಿಡಿಯುವುದು ಪ್ರತಿ ವರ್ಷವೂ ಉಪದೇಶಿಯ ಕೆಲಸ. ಬಟ್ಟೆ ಸುತ್ತಿದ ಕೈಯಲ್ಲೇ ಅವನು ಅದನ್ನು ಕೊನೆಯವರೆಗೆ ಹಿಡಿದುಕೊಂಡು ನಿಂತ.

ದೇವದುರ್ಗದಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಜಿನ್ನಿನ ಗೇಟಿನ ಹತ್ತಿರ ಕುರ್ಚಿ, ನೆರಳು, ಹೊತ್ತಿಗೆ ಊಟ. ಹೆಂಡತಿಯ ತವರಿನವರು ಬಂದು ಮಾತಾಡಿಸಿ ಹೋಗುತ್ತಿದ್ದರು. ಅವನ ಸುದ್ದಿ ಅಲ್ಲಿಗೂ ಮುಟ್ಟಿತ್ತು, ಬಂದವರು ಕೈ ನೋಡಿ ಕೈ ಮುಗಿಯುತ್ತಿದ್ದರು. ಸುಮ್ಮನಿರುವುದು ಸುಳ್ಳಲ್ಲ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡಷ್ಟೂ ಪ್ರಾರ್ಥನೆ ಕಷ್ಟವಾಯಿತು. ಜಪಸರ ಹಿಡಿದರೆ ಅಂಗೈ ಉರಿಯುತ್ತದೆ ಎಂದು ನೆಪ ಹೇಳಿ ಅದನ್ನು ಚೀಲಕ್ಕೆ ಹಾಕಿದ.

ಒಂದು ದಿನ ಮಲ್ಲೇಶ್ವರಿ ಫೋನು ಮಾಡಿದಳು. ಕೇರಿಯ ಗಂಡಸರು ಹಳ್ಳದ ದಾರಿಯಲ್ಲಿ ಅಮರೇಶನ ಟ್ರ್ಯಾಕ್ಟರ್ ತಡೆದು, ಅವನನ್ನು ಕೆಳಗೆಳೆದು ಹೊಡೆದಿದ್ದರು. ಅವನು ತಾನಲ್ಲ ತಾನಲ್ಲ ಎಂದರೂ ಕೇಳಲಿಲ್ಲ. ಪಕ್ಕೆಲುಬು ಮುರಿದಿದೆಯಂತೆ. ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿ ಪೊಲೀಸರು ಅವನನ್ನೇ ಠಾಣೆಗೆ ಒಯ್ದಿದ್ದಾರೆ. ಹೊಡೆದವರಲ್ಲಿ ಗದ್ದೆಪ್ಪ ಧರ್ಮೋಪದೇಶ ಹೇಳಿಕೊಟ್ಟು ಬೆಳೆಸಿದವರೂ ಇದ್ದರು. ನಮ್ಮ ಉಪದೇಶಿಯ ಕೈ ಸುಟ್ಟವನು ನೀನು ಎಂದು ಹೇಳಿ ಹೇಳಿ ಹೊಡೆದರಂತೆ.

ಇಷ್ಟು ಹೇಳಿ ಮಲ್ಲೇಶ್ವರಿ ದನಿ ತಗ್ಗಿಸಿದಳು.

"ಒಂದು ಕೇಳ್ತೀನಿ," ಎಂದಳು ಅವಳು ಆಮೇಲೆ. "ಹಿಂದಿನ ದಿನ ಸಂಜಿಮುಂದ ನೀ ಮನಿಗೆ ಬಂದಾಗ ಅಂಗಿ ತುಂಬ ಬೂದಿ ಇತ್ತು. ನಾನ ಒಗದೀನಿ ಅದನ್ನ. ಎಲ್ಲೆ ಹಾಕಿದ್ದಿ?"

ಅವನು ಹೇಳಿದ. ಅವಳು ಬಯ್ಯಲೂ ಇಲ್ಲ, ಅಳಲೂ ಇಲ್ಲ. ಫೋನು ಇಟ್ಟುಬಿಟ್ಟಳು.

ಗದ್ದೆಪ್ಪ ಜಿನ್ನಿನವರಿಗೆ ಹೇಳದೆಯೇ ಮಾನ್ವಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನು ಯೋಚಿಸಿದ್ದು ಅಮರೇಶನ ಬಗ್ಗೆಯಲ್ಲ, ತನ್ನ ಬಗ್ಗೆ ಎಂದು ಅವನೇ ಆಮೇಲೆ ಹೇಳಿದ್ದಾನೆ. ಇಷ್ಟು ವರ್ಷ ದುಡಿದದ್ದೆಲ್ಲ ಹೋಯಿತು ಎಂಬ ಒಂದೇ ಯೋಚನೆ. ಮಾನ್ವಿಯಲ್ಲಿ ಇಳಿದವನು ನೇರ ಚರ್ಚಿಗೆ ಹೋಗಿ, ಪಾಪನಿವೇದನೆ ಮಾಡಬೇಕು ಎಂದ. ಫಾದರ್ ವಲೇರಿಯನ್ ಉಡುಪಿ ಕಡೆಯವರು, ಮೆತ್ತಗೆ ಮಾತಾಡುವವರು. ಅವರು ಕುತ್ತಿಗೆಗೆ ನೇರಳೆ ಪಟ್ಟಿ ಹಾಕಿಕೊಂಡು ಕೂತರು. ಗದ್ದೆಪ್ಪ ಮೊಣಕಾಲೂರಿ ಎಲ್ಲವನ್ನೂ ಹೇಳಿದ.

"ದೊಡ್ಡ ಪ್ರಾಯಶ್ಚಿತ್ತ ಕೊಡ್ರಿ ಫಾದರ್," ಎಂದ ಕೊನೆಗೆ. "ಉಪಾಸ ಇರ್ತೀನಿ. ರಾಯಚೂರಿಗೆ ನಡಕೋತ ಹೋಗ್ತೀನಿ. ಇದು ತೀರಬೇಕ್ರಿ."

"ತೀರುವುದಿಲ್ಲ," ಎಂದರು ಫಾದರ್. "ನೀನು ಎಷ್ಟು ನಡೆದರೂ ತೀರುವುದಿಲ್ಲ. ದೇವರ ವರಪ್ರಸಾದ ಕೂಲಿ ಅಲ್ಲ ಗದ್ದೆಪ್ಪ. ನಾವು ದುಡಿದು ಪಡೆಯುವುದಾಗಿದ್ದರೆ ಆತ ಶಿಲುಬೆಗೆ ಏರಬೇಕಾಗಿರಲಿಲ್ಲ. ಒಂದು ಪರಲೋಕ ಮಂತ್ರ ಹೇಳು. ನಿಧಾನವಾಗಿ ಹೇಳು. ಅಷ್ಟೇ ನಿನ್ನ ಪ್ರಾಯಶ್ಚಿತ್ತ."

ಗದ್ದೆಪ್ಪನಿಗೆ ಅವಮಾನವಾದಂತಾಯಿತು. ಮಕ್ಕಳಿಗೂ ಬಾಯಿಗೆ ಬರುವ ಸಣ್ಣ ಪ್ರಾರ್ಥನೆ ಅದು, ಕಳ್ಳತನದಲ್ಲಿ ಮಾವಿನಕಾಯಿ ತಿಂದ ಹುಡುಗನಿಗೂ ಅಷ್ಟೇ ಹೇಳುತ್ತಾರೆ.

"ಅಮರೇಶನದು ಬೇರೆ ಮಾತು," ಎಂದು ಅವರು ಮುಂದುವರಿಸಿದರು. "ಅದು ಪ್ರಾಯಶ್ಚಿತ್ತ ಅಲ್ಲ, ನ್ಯಾಯ. ಅವನ ತಲೆಯ ಮೇಲೆ ಇರುವುದು ನಿನ್ನ ಹೊರೆ, ನೀನೇ ಇಳಿಸಬೇಕು. ಇಳಿಸುವ ಮನಸ್ಸಿಲ್ಲದಿದ್ದರೆ ಇಲ್ಲಿ ಮೊಣಕಾಲೂರಿ ಉಪಯೋಗವಿಲ್ಲ." ಮತ್ತೆ ಕೇಳಿದರು, "ಎಲ್ಲಾದರೂ ಹಾಕು ಎಂದರಲ್ಲ ನಿನ್ನ ಯಜಮಾನರು. ಅವರ ತೋಟದ ಬದಿಗೆ ಯಾಕೆ ಹಾಕಲಿಲ್ಲ?"

"ಅಲ್ಲೆ ಹಾಕಿದ್ರ ಕೇಳ್ತಿದ್ರು ರೀ."

"ಕೇರಿಯ ಹಿಂದೆ?"

"ಅಲ್ಲೆ ಯಾರೂ ಕೇಳಂಗಿಲ್ಲ."

"ಅದು ನಿನ್ನ ಕೇರಿ," ಎಂದರು ಫಾದರ್. ಆಮೇಲೆ, ಈ ಜಾಗ ಬಿಟ್ಟು ಎದ್ದ ಮೇಲೆ ತಾನು ಇದರ ಬಗ್ಗೆ ಯಾರ ಹತ್ತಿರವೂ ಒಂದು ಮಾತು ಆಡುವಂತಿಲ್ಲ, ಅವನ ಹತ್ತಿರವೂ ಆಡುವಂತಿಲ್ಲ, ಅವನು ಠಾಣೆಗೆ ಹೋಗದಿದ್ದರೂ ಕೇಳುವಂತಿಲ್ಲ ಎಂದು ತಿಳಿಸಿ, ತಲೆಯ ಮೇಲೆ ಕೈ ಎತ್ತಿ ಪಾಪಕ್ಷಮೆಯ ಮಾತು ಹೇಳಿದರು. ಹೊರಗೆ ಬಂದಾಗ ಗದ್ದೆಪ್ಪನಿಗೆ ಹಗುರ ಅನ್ನಿಸಲಿಲ್ಲ. ಯಾರೂ ಹಿಂದಿನಿಂದ ದೂಡುವವರಿಲ್ಲ ಎಂಬುದೇ ದೊಡ್ಡ ಭಯವಾಯಿತು.

ಅವನು ಮೊದಲು ಗಿರಣಿಗೆ ಹೋದ. ಯಜಮಾನನಿಗೆ ಹೇಳದೆ ಠಾಣೆಗೆ ಹೋಗುವುದು ಬೆನ್ನಿಗೆ ಹೊಡೆದಂತೆ ಅನ್ನಿಸಿತ್ತು. ಪ್ರಭುರಾಜರು ಅವನ ಮಾತು ಕೇಳಿ ಬಿಳಚಿಕೊಂಡರು. ಗಿರಣಿಗೆ ಬೀಗ ಬೀಳುತ್ತದೆ, ನಿನ್ನ ಕೇರಿಯ ಒಲೆಗಳೆಲ್ಲ ಆರುತ್ತವೆ ಎಂದರು. ಅಮರೇಶನನ್ನು ತಾವೇ ವಕೀಲರನ್ನಿಟ್ಟು ಬಿಡಿಸುತ್ತೇವೆ, ಕನಕಮ್ಮನ ಖರ್ಚನ್ನೆಲ್ಲ ನೋಡಿಕೊಳ್ಳುತ್ತೇವೆ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ, ಅದೇ ಗದ್ದೆಪ್ಪನನ್ನು ಅಲ್ಲಾಡಿಸಿತು. ಅವನು ಬಾಗಿಲ ಹಿಡಿ ಹಿಡಿದು ನಿಂತೇ ಇದ್ದ.

"ಜನ ನಿನ್ನ ಕಲ್ಲಿಲೆ ಹೊಡಿತಾರ ನೋಡು," ಎಂದರು ಪ್ರಭುರಾಜರು ಸಣ್ಣ ದನಿಯಲ್ಲಿ.

"ಹೊಡೀಲಿ ರೀ. ಈಗ ಮತ್ತೊಬ್ಬಂಗ ಹೊಡದಾರ."

ಠಾಣೆಯಲ್ಲಿ ಅವನು ಹೇಳಿದ್ದನ್ನು ಮೊದಲು ಯಾರೂ ನಂಬಲಿಲ್ಲ. ಎತ್ತಿದವನೇ ಸುರಿದೆ ಅನ್ನುತ್ತಿದ್ದಾನೆ, ಯಜಮಾನನ ಮೇಲೆ ಏನೋ ಹಗೆ ಇರಬೇಕು ಎಂದರು. ಎರಡನೆಯ ಸಲ ಹೇಳಿಸಿದರು, ಮೂರನೆಯ ಸಲ ಹೇಳಿಸಿದರು. ಅವನು, ನನಗೆ ಬೂದಿ ಬಿಸಿ ಇದ್ದದ್ದು ಗೊತ್ತಿತ್ತು, ಯಜಮಾನರಿಗೂ ಹೇಳಿದ್ದೆ, ಅವರು ಎಲ್ಲಾದರೂ ಹಾಕು ಅಂದರು, ಹಳ್ಳದ ದಂಡೆ ಆರಿಸಿದವನು ನಾನೇ ಎಂದು ಹೇಳಿದ. ತನ್ನ ಪಾಲನ್ನು ಕಡಿಮೆ ಮಾಡಲಿಲ್ಲ, ಯಜಮಾನರದನ್ನು ಹೆಚ್ಚು ಮಾಡಲಿಲ್ಲ. ಸಂಜೆ ಅಮರೇಶನನ್ನು ಬಿಟ್ಟರು. ಪಕ್ಕೆ ಹಿಡಿದುಕೊಂಡು ಬಾಗಿ ನಡೆಯುತ್ತ ಅವನು ಗದ್ದೆಪ್ಪನ ಮುಂದೆಯೇ ಹಾದುಹೋದ. ಗದ್ದೆಪ್ಪ ಎದ್ದು ನಿಂತ, ಕೈ ಮುಗಿದ. ಅಮರೇಶ ನೋಡಲಿಲ್ಲ.

ಜಾಮೀನಿನ ಮೇಲೆ ಗದ್ದೆಪ್ಪ ಹೊರಗೆ ಬರುವಷ್ಟರಲ್ಲಿ ಗಿರಣಿ ನಿಂತಿತ್ತು. ಕೇರಿಯಲ್ಲಿ ಅವನ ಕಡೆ ಮುಖ ಮಾಡಿ ಮಾತಾಡುವವರಿಲ್ಲ. ಅಮರೇಶನನ್ನು ಹೊಡೆದವರಿಗೆ ನಾಚಿಕೆ, ನಾಚಿಕೆಗಿಂತ ಹೆಚ್ಚು ಸಿಟ್ಟು. ಅವನ ಮನೆಯ ತಗಡಿನ ಮೇಲೆ ಕಲ್ಲು ಬಿದ್ದವು. ಮಲ್ಲೇಶ್ವರಿ ನಲ್ಲಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಅವಳು ಮಾತ್ರ ದಿನಾ ಅದೇ ಹೊತ್ತಿಗೆ ಅದೇ ನಲ್ಲಿಗೆ ಹೋದಳು. ಭಾನುವಾರ ಗದ್ದೆಪ್ಪ ಚರ್ಚಿಗೆ ಹೋಗಿ ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ ಕೂತ. ಪ್ರಾರ್ಥನೆ ನಡೆಸಲು ಮುಂದೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದು, ಒಬ್ಬೊಬ್ಬರಾಗಿ ಎದ್ದು ಹೋದರು.

ಅವನು ಇನ್ನೂ ಕನಕಮ್ಮನ ಹತ್ತಿರ ಹೋಗಿರಲಿಲ್ಲ. ಪೊಲೀಸರಿಗೆ ಹೇಳುವುದು ಇದರ ಮುಂದೆ ಸುಲಭವಿತ್ತು. ಕೊನೆಗೊಂದು ಬೆಳಿಗ್ಗೆ ರಾಯಚೂರಿಗೆ ಹೋದ. ಆಸ್ಪತ್ರೆಯಲ್ಲಿ ಸುಟ್ಟ ಗಾಯದವರ ಕೋಣೆಯ ಬಾಗಿಲಲ್ಲಿ ಯಶೋಧಾ ಅವನನ್ನು ಕಂಡು ಎದ್ದು ಅಡ್ಡ ನಿಂತಳು. ಸುದ್ದಿ ಅವರಿಗೆ ಮುಟ್ಟಿತ್ತು. ಒಳಗಿನಿಂದ ಕನಕಮ್ಮನೇ ಬಿಡು ಎಂದಳು.

ಅವನು ಮಂಚದ ಕಾಲ ಕಡೆ ನಿಂತು, ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತನ್ನು ಶುರುಮಾಡಿದ. ಕನಕಮ್ಮ ಅರ್ಧಕ್ಕೇ ತಡೆದಳು.

"ಈಗ ಪಟ್ಟಿ ಬಿಚ್ಚಾಕ ಬರ್ತಾರ. ನಿಂತು ನೋಡು."

ನರ್ಸು ಬಂದು ಪಟ್ಟಿ ಬಿಚ್ಚಿದಳು. ಕನಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಗದ್ದೆಪ್ಪ ಕಣ್ಣು ಮುಚ್ಚಲಿಲ್ಲ, ಮುಚ್ಚಿದರೆ ಅವಳಿಗೆ ಗೊತ್ತಾಗುತ್ತದೆ ಎಂಬ ಭಯಕ್ಕೆ. ಪಟ್ಟಿ ಮುಗಿದ ಮೇಲೆ ಅವಳು ಗೋಡೆಯ ಕಡೆ ತಿರುಗಿ, ಹೋಗು ಎಂದಳು. ಹೋದ. ಮಾರನೆಯ ದಿನ ಮತ್ತೆ ಬಂದ. ಅವಳು ಬರಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ. ಕೆಲಸವಿಲ್ಲದ ಗದ್ದೆಪ್ಪ ರಾಯಚೂರಿನ ಗಂಜ್‌ನಲ್ಲಿ, ಧಾನ್ಯದ ಮಾರುಕಟ್ಟೆಯಲ್ಲಿ, ಚೀಲ ಹೊರುವ ಕೆಲಸ ಹಿಡಿದ. ಅಂಗೈ ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ಮಧ್ಯಾಹ್ನ ಬಿಡುವಾದಾಗ ಆಸ್ಪತ್ರೆಗೆ ಬಂದು ಬಾಗಿಲ ಹೊರಗೆ ಕೂರುತ್ತಿದ್ದ. ಔಷಧಿ ತರುವುದು, ನೀರು ತರುವುದು, ಯಶೋಧಾ ಹೇಳಿದಷ್ಟು ಮಾಡಿ ಹೋಗುತ್ತಿದ್ದ. ಒಳಗೊಳಗೆ ಅವನು ಮತ್ತೆ ದುಡಿಯುತ್ತಿದ್ದ, ಒಂದು ದಿನ ಅವಳು ಕ್ಷಮಿಸಿದೆ ಅನ್ನುತ್ತಾಳೆ, ಆಗ ಮುಗಿಯುತ್ತದೆ ಎಂದು ಕಾಯುತ್ತಿದ್ದ.

ಗುಡ್ ಫ್ರೈಡೇ ದಿನವೂ ಬಂದ. ಅವತ್ತು ಅವನಿಗೆ ಉಪವಾಸ. ಊಟದ ಹೊತ್ತಿಗೆ ಬಿಸಿಲಿನಿಂದ ಬಂದು ಗೋಡೆಗೆ ಒರಗಿದವನಿಗೆ ಕಣ್ಣು ಕತ್ತಲೆ ಬಂದು, ಕೂತಲ್ಲೇ ಜಾರಿದ. ಯಶೋಧಾ ನೀರು ಚಿಮುಕಿಸಿ ಎಬ್ಬಿಸಿ ಒಳಗೆ ಕರೆತಂದಳು. ಕನಕಮ್ಮ ಮಂಚದ ಮೇಲೆ ಒರಗಿ ಕೂತು ರೊಟ್ಟಿ ಮುರಿಯುತ್ತಿದ್ದಳು. ಅವನನ್ನು ನೋಡಿದಳು. ಅರ್ಧ ರೊಟ್ಟಿಯ ಮೇಲೆ ಪುಂಡಿಪಲ್ಲೆ ಹಾಕಿ ಅವನ ಕಡೆ ಚಾಚಿದಳು.

"ಉಪಾಸ ಅದ ಯವ್ವಾ ಇವತ್ತು."

"ನನ್ನ ಸಿಟ್ಟು ಇಳಿದಿಲ್ಲ," ಎಂದಳು ಕನಕಮ್ಮ. "ಇಳೀತದೋ ಇಲ್ಲೋ ಗೊತ್ತಿಲ್ಲ. ಆದ್ರ ಹಸಿದು ಬಿದ್ದಾಂವನ್ನ ನೋಡಿಕೋತ ನಾ ಉಣ್ಣಂಗಿಲ್ಲ. ತಿನ್ನು."

ಚಾಚಿದ ಕೈ ಹಿಂದೆ ಹೋಗಲಿಲ್ಲ. ಅವನು ಏನನ್ನೂ ಮಾಡಿ ಮುಗಿಸಿರಲಿಲ್ಲ, ಅವಳು ಯಾವುದಕ್ಕೂ ಬದಲಾಗಿ ಕೊಡುತ್ತಿರಲಿಲ್ಲ. ಗದ್ದೆಪ್ಪ ಎರಡೂ ಕೈ ಚಾಚಿ ರೊಟ್ಟಿ ಇಸಿದುಕೊಂಡ. ಜನ್ಮದಲ್ಲಿ ಮೊದಲ ಸಲ ಆ ದಿನದ ಉಪವಾಸ ಮುರಿದ. ತಿನ್ನುತ್ತ ತಿನ್ನುತ್ತ ಅತ್ತ. ಪಕ್ಕದ ಮಂಚದವರು ನೋಡುತ್ತಿದ್ದಾರೆಂದು ಯಶೋಧಾ ಪರದೆ ಎಳೆದಳು.

ಕನಕಮ್ಮ ಕೋಲೂರಿ ನಡೆಯುವಂತಾಗಿ ಕೇರಿಗೆ ಬಂದ ಮೇಲೆ ಕೆಲಸ ಬೇರೆ ರೀತಿ ಶುರುವಾಯಿತು. ಗಿರಣಿ ಮತ್ತೆ ತೆರೆಯುವ ಮಾತು ನಡೆದಿತ್ತು. ಅವಳು ಹೆಂಗಸರನ್ನು ಕೂಡಿಸಿಕೊಂಡು ಗೇಟಿನ ಮುಂದೆ ಕೂತಳು. ಗಿರಣಿ ನಡೆಯಲಿ, ಆದರೆ ಬೂದಿಗೆ ಕಟ್ಟೆ ಕಟ್ಟಿದ ನೀರಿನ ಹೊಂಡ ಬೇಕು, ಹಳ್ಳದ ದಂಡೆ ಸ್ವಚ್ಛವಾಗಬೇಕು, ಅದಾಗದೆ ಯಾರೂ ಒಳಗೆ ಹೋಗುವುದಿಲ್ಲ ಎಂದಳು. ಬೂದಿಯ ಸಂಗತಿ ಈಗ ಊರಿಗೇ ಗೊತ್ತಾದ್ದರಿಂದ ಫಾದರ್ ವಲೇರಿಯನ್ ಈ ಸಲ ಬಾಯಿ ಬಿಡಬಹುದಿತ್ತು, ಬಂದು ಹೆಂಗಸರ ಜೊತೆ ನೆಲದ ಮೇಲೆ ಕೂತರು. ಕೂಲಿಗೆ ಬರುವವರ ಕಾಲಿಗೂ ಬೆಲೆ ಇದೆ ಎಂದಷ್ಟೇ ಪ್ರಭುರಾಜರಿಗೆ ಹೇಳಿದರು. ಅಧಿಕಾರಿಗಳ ಆದೇಶವೂ ಬಂತು. ಹೊಂಡ ಆಯಿತು, ಗಿರಣಿ ತೆರೆಯಿತು. ಗದ್ದೆಪ್ಪನನ್ನು ಮಾತ್ರ ಮತ್ತೆ ತೆಗೆದುಕೊಳ್ಳಲಿಲ್ಲ. ಅವನು ಇಂದಿಗೂ ಗಂಜ್‌ನಲ್ಲೇ ದುಡಿಯುತ್ತಾನೆ. ಅಮರೇಶ ಇಂದಿಗೂ ಅವನ ಜೊತೆ ಮಾತಾಡಿಲ್ಲ. ಮಾತಾಡಲೇಬೇಕೆಂದು ಗದ್ದೆಪ್ಪನೂ ಈಗ ಕಾಯುವುದಿಲ್ಲ.

ನ್ಯಾಯಾಲಯದಲ್ಲಿ ಅವನು ತಪ್ಪು ಒಪ್ಪಿಕೊಂಡು ದಂಡ ಕಟ್ಟಿದ. ಪ್ರಭುರಾಜರ ಮೇಲಿನ ಕೇಸು ಬೇರೆಯಾಗಿ ನಡೆಯುತ್ತಿದೆ. ಅದರಲ್ಲಿ ಸಾಕ್ಷಿ ಹೇಳಲು ಕನಕಮ್ಮನನ್ನು ಕರೆದ ದಿನ ಕೇರಿಯ ಬಹಳ ಜನ ಮಾನ್ವಿಗೆ ಹೋಗಿದ್ದರು. ಗಿರಣಿಯ ವಕೀಲರು ಎಲ್ಲವನ್ನೂ ಗದ್ದೆಪ್ಪನ ತಲೆಗೆ ಕಟ್ಟಲು ನೋಡಿದರು. ಯಜಮಾನರಿಗೆ ಗೊತ್ತಿಲ್ಲದೆ ಬೂದಿ ಸುರಿದವನು ಇವನೇ ಅಲ್ಲವೇ, ನಿನ್ನ ಕಾಲು ಸುಟ್ಟವನು ಇವನೇ ಅಲ್ಲವೇ ಎಂದು ಕೇಳಿದರು. ಹೌದು ಎಂದರೆ ಪ್ರಭುರಾಜರು ಬಚಾವು. ಅಲ್ಲ ಎಂದರೆ ಅವಳ ಸಾಕ್ಷಿಯೇ ಸುಳ್ಳು. ಕನಕಮ್ಮ ಕೋಲನ್ನು ಪಕ್ಕಕ್ಕೆ ಒರಗಿಸಿ, ಎರಡೂ ಕೈಯಿಂದ ಕಟಕಟೆ ಹಿಡಿದುಕೊಂಡಳು.

"ಸುರಿದಾಂವ ಇವನ ರೀ. ಬಿಸಿ ಅದ ಅಂದ್ರೂ ಸುರಿ ಅಂದವ್ರು ಅವ್ರು. ನನ್ನ ಎತ್ತಿದಾಂವನೂ ಇವನ. ಮೂರೂ ಖರೆ ಅದ, ಮೂರೂ ಬರಕೋರ್ರಿ."

ನ್ಯಾಯಾಧೀಶರು ಬರೆದುಕೊಳ್ಳುವಂತೆ ಹೇಳಿದರು. ಹೊರಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೇರಿಯವರು ಟೆಂಪೋ ಹತ್ತುತ್ತಿದ್ದರು. ಯಾರೋ ಒಳಗಿನಿಂದ ಸರಿದು, ಗದ್ದೆಪ್ಪನಿಗೂ ಜಾಗ ಮಾಡಿದರು.